ವೆಬ್ ಅಪ್ಲಿಕೇಶನ್ನಿನ ಕಟ್ಟು: ಪಟ್ಟಿ ಪ್ರಮಾಣವೋ, ಕೋಶ ಪ್ರಮಾಣವೋ?

ಶಾಲೆಯ ಪ್ರವೇಶಪತ್ರವನ್ನು ತುಂಬುವುದು ಮೊದಲ್ಗೊಂಡು ಹೊಲದ ಪಹಣಿಯ ಪ್ರತಿಯನ್ನು ಪಡೆಯುವವರೆಗೆ ಇಂದು ಅನೇಕ ವ್ಯವಹಾರಗಳು ವೆಬ್ ಅಪ್ಲಿಕೇಶನ್ನುಗಳ ಮೂಲಕ ನಡೆಯುತ್ತಿವೆ. ವೆಬ್ ಅಪ್ಲಿಕೇಶನ್ ಎಂದರೆ ದೂರದ ಸರ್ವರಿನಲ್ಲಿ ನೆಲೆಸಿ, ಬ್ರೌಸರಿನಿಂದ ಬಂದ ಪ್ರಶ್ನೆಗೆ ಉತ್ತರವಾಗಿ ಆಯಾ ಹೊತ್ತಿಗೆ ಪುಟಗಳನ್ನು ರಚಿಸಿ ಕಳುಹಿಸುವ ಕ್ರಮವಿಧಿ. ಬಳಸುವವನಿಗೆ ಅದು ಏಕವಸ್ತುವಾಗಿ ತೋರುತ್ತದೆ. ರಚಿಸುವವನ ಗಣಕಯಂತ್ರದಲ್ಲಾದರೋ ಅದು ನೂರಾರು, ಕೆಲವೊಮ್ಮೆ ಸಾವಿರಾರು ಕಡತಗಳ ಸಮೂಹ. ಈ ಕಡತಗಳಲ್ಲಿ ಕೃತಿಗೆ ಸೇರಿದವು ಯಾವುವು, ಸೇರದವು ಯಾವುವು, ಆ ನಿರ್ಣಯವನ್ನು ಮಾಡುವವರು ಯಾರು, ಮಾಡಿದ ನಿರ್ಣಯವು ಎಲ್ಲಿ ಬರೆದಿರುತ್ತದೆ ಎಂಬ ಪ್ರಶ್ನೆಗಳು ಮೇಲ್ನೋಟಕ್ಕೆ ಗುಮಾಸ್ತೆಯ ಕೆಲಸದಂತೆ ಕಾಣುತ್ತವೆ. ಆದರೆ ಇವುಗಳಿಗೆ ಉತ್ತರ ಹೇಳುವಲ್ಲಿ ಮೈಕ್ರೊಸಾಫ್ಟಿನಂಥ ಬೃಹತ್ ಸಂಸ್ಥೆಯೇ ಹದಿನೈದು ವರ್ಷಗಳ ಅವಧಿಯಲ್ಲಿ ಮತ್ತೆ ಮತ್ತೆ ತನ್ನ ನಿಲುವನ್ನು ಬದಲಿಸಬೇಕಾಯಿತು. ಆ ಸಂಸ್ಥೆಯ ವಿಷುಯಲ್ ಸ್ಟುಡಿಯೋ ಎಂಬ ತಂತ್ರಾಂಶ ರಚನಾಪರಿಸರದ ಚರಿತ್ರೆಯನ್ನು ಮುಖ್ಯವಾಗಿ ಆಧರಿಸಿ, ವೆಬ್ ಅಪ್ಲಿಕೇಶನ್ನಿನ ಕಡತಗಳನ್ನು ವ್ಯವಸ್ಥೆಗೊಳಿಸುವ ಬಗೆಯನ್ನು ಇಲ್ಲಿ ವಿವೇಚಿಸಲಾಗಿದೆ.

ಮೊದಲಿಗೆ ಪರಿಭಾಷೆಯ ಮಾತು. ತಂತ್ರಾಂಶಕಾರರು ಇಂಥ ಕಡತಸಮೂಹವನ್ನು 'ಪ್ರಾಜೆಕ್ಟ್' ಎನ್ನುತ್ತಾರೆ. ಇದನ್ನು 'ಯೋಜನೆ' ಎಂದು ಕನ್ನಡಿಸುವ ರೂಢಿಯುಂಟು. ಆದರೆ ಅದು ಸಾಧುವಲ್ಲ. ಯೋಜನೆಯೆಂಬುದು ಮುಂದೆ ಮಾಡಬೇಕಾದ ಕಾರ್ಯದ ಸಂಕಲ್ಪ. ಇಲ್ಲಿ ಉದ್ದಿಷ್ಟವಾದುದು ಈಗಾಗಲೇ ಇರುವ ಕಡತಗಳ ಒಂದು ಹೊರೆ. ಓಲೆಗರಿಗಳ ಸಂದರ್ಭದಲ್ಲಿ ಬಳಕೆಯಲ್ಲಿರುವ 'ಕಟ್ಟು' ಎಂಬ ಮಾತು ಇದಕ್ಕೆ ಹೆಚ್ಚು ಒಪ್ಪುತ್ತದೆ. ಹಲವು ಕಟ್ಟುಗಳನ್ನು ಒಂದೆಡೆ ಸೇರಿಸಿ ತೆರೆಯುವ ದೊಡ್ಡ ಘಟಕಕ್ಕೆ ವಿಷುಯಲ್ ಸ್ಟುಡಿಯೋದಲ್ಲಿ 'ಸಲ್ಯೂಷನ್' ಎಂಬ ಹೆಸರಿದೆ. ಅದನ್ನು 'ಪರಿಹಾರ' ಎಂದು ಕರೆದರಂತೂ ಅರ್ಥವೇ ಕೆಡುತ್ತದೆ. ಫೋಲ್ಡರಿಗೆ 'ಕೋಶ' ಎಂಬ ಪದವನ್ನು ಬಳಸುವುದರಲ್ಲಿ ತೊಡಕೇನೂ ಇಲ್ಲ.

ವಿಷಯ ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ಇಟ್ಟುಕೊಳ್ಳಬಹುದು. ಒಂದು ಪ್ರೌಢಶಾಲೆಯವರು ಪ್ರವೇಶ, ಶುಲ್ಕ, ಅಂಕಪಟ್ಟಿ ಈ ಮೂರನ್ನು ನಿರ್ವಹಿಸುವ ವೆಬ್ ಅಪ್ಲಿಕೇಶನ್ನನ್ನು ಮಾಡಿಸುತ್ತಾರೆ ಎಂದಿಟ್ಟುಕೊಳ್ಳೋಣ. ರಚಿಸುವವನ ಯಂತ್ರದಲ್ಲಿ ಆತನು ಕೈಯಾರೆ ಬರೆದ ಕ್ರಮವಿಧಿಯ ಕಡತಗಳಿರುತ್ತವೆ. ಶಾಲೆಯ ಲಾಂಛನ, ಪುಟಗಳ ವಿನ್ಯಾಸ ಮೊದಲಾದವು ಇರುತ್ತವೆ. ಇವು ಮೂಲ. ಇವುಗಳನ್ನು ಯಂತ್ರವು ಪರಿವರ್ತಿಸಿದಾಗ, ಅಂದರೆ ಕಂಪೈಲ್ ಮಾಡಿದಾಗ, ಹುಟ್ಟುವ ಕಡತಗಳು ಬೇರೆ; ಮೂಲವಿದ್ದರೆ ಅವುಗಳನ್ನು ಎಷ್ಟು ಬಾರಿ ಬೇಕಾದರೂ ಮತ್ತೆ ಪಡೆಯಬಹುದಾದ್ದರಿಂದ ಅವುಗಳಿಗೆ ಸ್ವತಂತ್ರ ಬೆಲೆಯಿಲ್ಲ. ರಸೀತಿಯನ್ನು ಪಿಡಿಎಫ್ ರೂಪದಲ್ಲಿ ಮುದ್ರಿಸುವುದೇ ಮೊದಲಾದ ಕೆಲಸಗಳಿಗೆ ಅನ್ಯರು ರಚಿಸಿದ ಉಪಕರಣಗಳನ್ನು ತಂದು ಸೇರಿಸಿರುತ್ತಾರೆ, ಅವು ಎರವಲು. ಇವಲ್ಲದೆ ಡೇಟಾಬೇಸಿನ ವಿಳಾಸ, ಅದರ ಗುಪ್ತಪದ, ಶುಲ್ಕ ಸ್ವೀಕರಿಸುವ ಸಂಸ್ಥೆಯು ಕೊಟ್ಟ ರಹಸ್ಯಸಂಖ್ಯೆ ಇವೆಲ್ಲ ಒಂದೊಂದು ಸ್ಥಳಕ್ಕೆ ಒಂದೊಂದು ಬಗೆಯಾಗಿರತಕ್ಕವು. ಈ ನಾಲ್ಕು ಬಗೆಯ ವಸ್ತುಗಳು ಒಂದೇ ಕೋಶದಲ್ಲಿ ಬೆರೆತುಹೋದಾಗ ಉಂಟಾಗುವ ಅನರ್ಥಗಳೇ ಈ ಕ್ಷೇತ್ರದ ಅರ್ಧಪಾಲು ಅನರ್ಥಗಳು ಎಂದರೆ ಅತ್ಯುಕ್ತಿಯಾಗದು.

ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ವೆಬ್ಬಿನ ಕಲ್ಪನೆಯನ್ನು ಮಂಡಿಸಿದಾಗ ಅದು ಬರೆದಿಟ್ಟ ದಸ್ತಾವೇಜುಗಳನ್ನು ಓದುವ ಏರ್ಪಾಡಾಗಿತ್ತು. ಕೋಶವೊಂದರಲ್ಲಿ ಪುಟಗಳನ್ನು ಇಟ್ಟರೆ ಸಾಕು, ಸರ್ವರು ಅವನ್ನು ಕೇಳಿದವರಿಗೆ ಕೊಡುತ್ತಿತ್ತು. ಮೈಕ್ರೊಸಾಫ್ಟ್ ಸಂಸ್ಥೆಯು 1996ರಲ್ಲಿ ಹೊರತಂದ ಆಕ್ಟಿವ್ ಸರ್ವರ್ ಪೇಜಸ್ ಎಂಬ ವಿಧಾನದಲ್ಲಿಯೂ ಈ ಸರಳತೆ ಮುಂದುವರಿಯಿತು. ಪುಟದೊಳಗೇ ಕ್ರಮವಿಧಿಯ ಸಾಲುಗಳು ಬೆರೆತಿರುತ್ತಿದ್ದುವು; ಪುಟವನ್ನು ಸರ್ವರಿನ ಕೋಶದಲ್ಲಿ ಇರಿಸಿದೊಡನೆ ಅದು ಜೀವಂತವಾಗುತ್ತಿತ್ತು. ಕೋಶವೇ ಕೃತಿ, ಕೃತಿಯೇ ಕೋಶ. ಹತ್ತಾರು ಪುಟಗಳ ತಾಣಕ್ಕೆ ಇದಕ್ಕಿಂತ ಅನುಕೂಲವಾದ ಕ್ರಮ ಬೇರೆ ಇರಲಾರದು. ಆದರೆ ಪುಟಗಳು ನೂರನ್ನು ಮೀರಿ, ಕೆಲಸ ಮಾಡುವವರು ನಾಲ್ವರೈವರಾದಾಗ, ಯಾವ ಪುಟ ಬಳಕೆಯಲ್ಲಿದೆ, ಯಾವುದು ಹಳೆಯ ಪ್ರತಿ ಎಂಬುದನ್ನು ಹೇಳಬಲ್ಲವರೇ ಇಲ್ಲವಾಗುತ್ತಿತ್ತು.

2002ರಲ್ಲಿ ವಿಷುಯಲ್ ಸ್ಟುಡಿಯೋ ಡಾಟ್‌ನೆಟ್ ಬಂದಾಗ ಈ ಸ್ಥಿತಿ ಬದಲಾಯಿತು. ವೆಬ್ಬಿನ ಕಟ್ಟಿಗೂ ಒಂದು ಪ್ರಾಜೆಕ್ಟ್ ಕಡತ ಏರ್ಪಟ್ಟಿತು. ಕೃತಿಗೆ ಸೇರಿದ ಒಂದೊಂದು ಕಡತದ ಹೆಸರನ್ನೂ ಅದರಲ್ಲಿ ಪಟ್ಟಿಮಾಡಲಾಗುತ್ತಿತ್ತು. ಪಟ್ಟಿಯಲ್ಲಿ ಹೆಸರಿದ್ದರೆ ಅದು ಕೃತಿಯ ಅಂಗ. ಹೆಸರಿಲ್ಲದಿದ್ದರೆ ಕೋಶದಲ್ಲಿದ್ದರೂ ಅದು ಅನ್ಯ. ಪಟ್ಟಿಯಲ್ಲಿದ್ದ ಕ್ರಮವಿಧಿಗಳೆಲ್ಲ ಕಂಪೈಲ್ ಆಗಿ 'ಬಿನ್' ಎಂಬ ಕೋಶದಲ್ಲಿ ಒಂದೇ ಫಲಕಡತವಾಗಿ ನಿಲ್ಲುತ್ತಿದ್ದುವು. ಇದು ದೊಡ್ಡ ಶಿಸ್ತು. ಆದರೆ ಶಿಸ್ತಿನ ಜೊತೆಗೆ ತೊಡಕುಗಳೂ ಬಂದುವು. ಪ್ರತಿಯೊಬ್ಬ ರಚನಕಾರನ ಯಂತ್ರದಲ್ಲಿಯೂ ಐಐಎಸ್ ಎಂಬ ಸರ್ವರ್ ತಂತ್ರಾಂಶ ಇರಬೇಕಾಗಿತ್ತು. ಕಟ್ಟನ್ನು ತೆರೆಯುವುದಕ್ಕೂ ವೆಬ್ ವಿಳಾಸವನ್ನೇ ಕೊಡಬೇಕಾಗಿತ್ತು. ಕಟ್ಟು ಸರ್ವರಿನ ಕೋಶದಲ್ಲಿ, ಸಲ್ಯೂಷನ್ ಕಡತವು ಬಳಕೆದಾರನ ಸ್ವಂತ ದಸ್ತಾವೇಜುಗಳ ಕೋಶದಲ್ಲಿ, ಹೀಗೆ ಒಂದು ಕೃತಿ ಎರಡು ಕಡೆ ಹರಿದುಹಂಚಿರುತ್ತಿತ್ತು. ಪಟ್ಟಿಯಿಂದಲೂ ತೊಂದರೆ ತಪ್ಪಿದ್ದಲ್ಲ. ಹೊಸ ಪುಟವನ್ನು ಸೇರಿಸುವವನು ಪಟ್ಟಿಯನ್ನು ತಿದ್ದಲೇಬೇಕು. ಆ ಕಾಲದಲ್ಲಿ ಬಳಕೆಯಲ್ಲಿದ್ದ ಸೋರ್ಸ್‌ಸೇಫ್ ಎಂಬ ಭಂಡಾರ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಒಂದು ಕಡತವನ್ನು ಒಬ್ಬನು ತಿದ್ದಲು ತೆಗೆದುಕೊಂಡರೆ ಉಳಿದವರಿಗೆ ಅದು ಸಿಗುತ್ತಿರಲಿಲ್ಲ. ಪಟ್ಟಿಯನ್ನು ಹಿಡಿದುಕೊಂಡು ಒಬ್ಬನು ಊಟಕ್ಕೆ ಹೋದರೆ ನಾಲ್ವರು ಕಾಯಬೇಕು.

ಈ ದೂರುಗಳಿಗೆ ಉತ್ತರವಾಗಿ 2005ರ ವಿಷುಯಲ್ ಸ್ಟುಡಿಯೋದಲ್ಲಿ ಸಂಸ್ಥೆಯು ಪಟ್ಟಿಯನ್ನೇ ತೆಗೆದುಹಾಕಿತು. 'ವೆಬ್ ಸೈಟ್' ಎಂದು ಕರೆಯಲಾದ ಈ ಹೊಸ ಕ್ರಮದಲ್ಲಿ ಪ್ರಾಜೆಕ್ಟ್ ಕಡತವಿಲ್ಲ. ಕೋಶವನ್ನು ತೆರೆದರೆ ಅದರಲ್ಲಿರುವುದೆಲ್ಲ ಕೃತಿಯೇ. ಐಐಎಸ್ ಬೇಕಾಗಿರಲಿಲ್ಲ, ಪರೀಕ್ಷೆಗೆಂದು ಚಿಕ್ಕ ಸರ್ವರೊಂದು ಪರಿಸರದೊಳಗೇ ಅಡಕವಾಗಿತ್ತು. ಕ್ರಮವಿಧಿಗಳಿಗೆ 'ಆಪ್ ಕೋಡ್', ಡೇಟಾಬೇಸ್ ಕಡತಗಳಿಗೆ 'ಆಪ್ ಡೇಟಾ' ಎಂಬ ಮೀಸಲು ಹೆಸರಿನ ಕೋಶಗಳು ಏರ್ಪಟ್ಟುವು. ಹೊಸಬನಿಗೆ ಇದು ಅತ್ಯಂತ ಹಿತವಾದ ಕ್ರಮವಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ದೊಡ್ಡ ಕೃತಿಗಳನ್ನು ನಿರ್ವಹಿಸುತ್ತಿದ್ದವರಿಗೆ ಇದರಿಂದ ಕಷ್ಟವೇ ಆಯಿತು. ಪುಟವೊಂದನ್ನು ತಿದ್ದುವ ಮುನ್ನ ಎಚ್ಚರಿಕೆಗೆಂದು ಅದರ ನಕಲನ್ನು ಪಕ್ಕದಲ್ಲೇ ಇಟ್ಟುಕೊಂಡರೆ, ಆ ನಕಲೂ ಕೃತಿಯ ಅಂಗವೆಂದು ಪರಿಗಣಿತವಾಗಿ, ಒಂದೇ ಹೆಸರಿನ ಎರಡು ವಸ್ತುಗಳಿವೆಯೆಂದು ಯಂತ್ರವು ದೋಷವನ್ನು ಹೇಳುತ್ತಿತ್ತು. ಒಂದು ಕಡತವನ್ನು ಕೃತಿಯಿಂದ ಹೊರಗಿಡಬೇಕಾದರೆ ಅದರ ಹೆಸರಿನ ಕೊನೆಗೆ 'ಎಕ್ಸ್‌ಕ್ಲೂಡ್' ಎಂಬ ಪದವನ್ನು ಅಂಟಿಸಬೇಕಾಗಿತ್ತು. ಪಟ್ಟಿಯಿಲ್ಲದ ಮೇಲೆ ಬಹಿಷ್ಕಾರದ ಗುರುತನ್ನು ಬಹಿಷ್ಕೃತನ ಹಣೆಯ ಮೇಲೆಯೇ ಬರೆಯಬೇಕಾದುದು ಸಹಜವೇ. ಒಂದೇ ಫಲಕಡತದ ಬದಲು ಅನೇಕ ಫಲಕಡತಗಳು ಹುಟ್ಟುತ್ತಿದ್ದುವು. ಮೊದಲಿನ ಕ್ರಮದಲ್ಲಿ ಬರೆದ ಕೃತಿಗಳನ್ನು ಈ ಕ್ರಮಕ್ಕೆ ತರುವುದು ಪ್ರಯಾಸಕರವಾಗಿತ್ತು. ಬಳಕೆದಾರರ ಅಸಮಾಧಾನ ಎಷ್ಟಿತ್ತೆಂದರೆ, ಹೊಸ ಆವೃತ್ತಿ ಬಂದು ವರ್ಷ ತುಂಬುವ ಮುನ್ನವೇ, 2006ರಲ್ಲಿ, 'ವೆಬ್ ಅಪ್ಲಿಕೇಶನ್ ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ಪಟ್ಟಿಯ ಕ್ರಮವನ್ನು ಪ್ರತ್ಯೇಕ ಪೂರಕವಾಗಿ ಕೊಡಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಮೊದಲ ಸರ್ವಿಸ್ ಪ್ಯಾಕಿನಲ್ಲಿ ಅದು ಮೂಲಪರಿಸರಕ್ಕೇ ಸೇರಿತು. ಅಲ್ಲಿಂದ ಮುಂದೆ ಎರಡೂ ಕ್ರಮಗಳು ಅಕ್ಕಪಕ್ಕದಲ್ಲಿ ಉಳಿದುಬಂದುವು.

ಈ ವಾದವಿವಾದವು ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಹೊಸದಾಗಿ ತೋರಲಾರದು. ಓಲೆಗರಿಯ ಒಂದು ಕಟ್ಟಿನಲ್ಲಿ ಹಲವು ಕೃತಿಗಳು ಸೇರಿರುವುದುಂಟು. ದಾರ ಕಡಿದು ಗರಿಗಳು ಬೆರೆತಿರುವುದೂ ಉಂಟು. ಕಟ್ಟಿನಲ್ಲಿ ಇದೆ ಎಂಬ ಒಂದೇ ಕಾರಣದಿಂದ ಒಂದು ಗರಿಯು ಕೃತಿಗೆ ಸೇರಿತೆಂದು ಯಾವ ಸಂಪಾದಕನೂ ಹೇಳಲಾರ. ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದಾಗ, ವಚನವು ಯಾರದೆಂಬ ನಿರ್ಣಯಕ್ಕೆ ಬಹುಮಟ್ಟಿಗೆ ನೆರವಾದುದು ವಚನದೊಳಗೇ ಇರುವ ಅಂಕಿತ. ಗರಿ ಎಲ್ಲಿ ಸಿಕ್ಕಿದರೂ ಅಂಕಿತವು ತನ್ನ ಕರ್ತೃವನ್ನು ತಾನೇ ಹೇಳುತ್ತದೆ. ಕ್ರಮವಿಧಿಯ ಕಡತಗಳಲ್ಲಿಯೂ 'ನೇಮ್‌ಸ್ಪೇಸ್' ಎಂಬ ಹೆಸರಿನಿಂದ ಇಂಥದೊಂದು ಕುಲನಾಮವನ್ನು ತಲೆಯಲ್ಲಿಯೇ ಬರೆಯುವ ಪದ್ಧತಿಯಿದೆ. ಪಟ್ಟಿಯೂ ಅಲ್ಲದೆ ಕೋಶವೂ ಅಲ್ಲದೆ ಕಡತವು ತಾನೇ ನುಡಿಯುವ ಮೂರನೆಯ ಸಾಕ್ಷಿ ಇದು. ಸಾಲಿಗೆ ಸಾಲು ಹೋಲುತ್ತದೆಂದು ಇಲ್ಲಿ ಅಭಿಪ್ರಾಯವಲ್ಲ. ನೇಮ್‌ಸ್ಪೇಸ್ ಕರ್ತೃವನ್ನು ಹೇಳುವುದಿಲ್ಲ, ಸ್ಥಾನವನ್ನು ಹೇಳುತ್ತದೆ.

ಕೃತಿಗೆ ಯಾವುದು ಸೇರಿತು ಎಂಬುದು ನಿಶ್ಚಯವಾದ ಮೇಲೆ, ಸೇರಿದವನ್ನು ಒಳಗೆ ಹೇಗೆ ವಿಂಗಡಿಸಬೇಕು ಎಂಬುದು ಮುಂದಿನ ಪ್ರಶ್ನೆ. 2004ರಲ್ಲಿ ಡೇವಿಡ್ ಹೈನೆಮೈಯರ್ ಹ್ಯಾನ್ಸನ್ ಪ್ರಕಟಿಸಿದ ರೂಬಿ ಆನ್ ರೈಲ್ಸ್ ಎಂಬ ಚೌಕಟ್ಟು ಕೋಶಗಳ ಹೆಸರುಗಳನ್ನು ತಾನೇ ನಿಗದಿಮಾಡಿಬಿಟ್ಟಿತು. ದತ್ತಾಂಶದ ರೂಪಗಳು ಒಂದು ಕೋಶದಲ್ಲಿ, ಪುಟದ ವಿನ್ಯಾಸಗಳು ಇನ್ನೊಂದರಲ್ಲಿ, ಪ್ರಶ್ನೆಯನ್ನು ಸ್ವೀಕರಿಸಿ ಉತ್ತರವನ್ನು ಒದಗಿಸುವ ನಿಯಂತ್ರಕಗಳು ಮತ್ತೊಂದರಲ್ಲಿ. ಹೆಸರು ರೂಢಿಯಂತೆ ಇದ್ದರೆ ಬೇರೆ ವಿವರಣೆ ಬೇಡ ಎಂಬುದು ಅದರ ತತ್ತ್ವ. 2009ರಲ್ಲಿ ಬಂದ ಎಎಸ್‌ಪಿ ಡಾಟ್‌ನೆಟ್ ಎಂವಿಸಿ ಎಂಬುದರಲ್ಲಿಯೂ ಮಾಡೆಲ್ಸ್, ವ್ಯೂಸ್, ಕಂಟ್ರೋಲರ್ಸ್ ಎಂಬ ಮೂರು ಕೋಶಗಳು ಮೊದಲೇ ಸಿದ್ಧವಾಗಿರುತ್ತಿದ್ದುವು. ಇದರ ಲಾಭ ಏನೆಂದರೆ, ಒಂದು ಕಟ್ಟನ್ನು ಬಲ್ಲವನು ಅಪರಿಚಿತವಾದ ಇನ್ನೊಂದು ಕಟ್ಟನ್ನು ತೆರೆದರೂ ದಿಕ್ಕು ತಪ್ಪುವುದಿಲ್ಲ.

ಆದರೂ ಬಗೆಯನ್ನು ನೋಡಿ ವಿಂಗಡಿಸುವುದೇ ಸರ್ವತ್ರ ಉತ್ತಮವೆಂದು ಒಪ್ಪುವುದು ಕಷ್ಟ. ಅಮರಕೋಶದಲ್ಲಿ ಶಬ್ದಗಳು ಸ್ವರ್ಗವರ್ಗ, ಭೂಮಿವರ್ಗ, ವನೌಷಧಿವರ್ಗ ಎಂದು ವಿಷಯಾನುಸಾರವಾಗಿ ನಿಂತಿವೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಅಕಾರಾದಿಯಾಗಿ ನಿಂತಿವೆ. ಒಂದು ಶಬ್ದವನ್ನು ಹುಡುಕುವವನಿಗೆ ಕಿಟ್ಟೆಲರ ನಿಘಂಟು ಬೇಕು. ಒಂದು ವಿಷಯವನ್ನು ಅರಿಯಬಯಸುವವನಿಗೆ ಅಮರಕೋಶ ಬೇಕು. ಮೇಲೆ ಹೇಳಿದ ಶಾಲೆಯ ಅಪ್ಲಿಕೇಶನ್ನಿನಲ್ಲಿ ಶುಲ್ಕದ ನಿಯಮ ಬದಲಾದರೆ ತಿದ್ದಬೇಕಾದವನು ಶುಲ್ಕದ ಮಾಡೆಲನ್ನು ಒಂದು ಕೋಶದಲ್ಲಿ, ಶುಲ್ಕದ ಪುಟವನ್ನು ಇನ್ನೊಂದರಲ್ಲಿ, ಶುಲ್ಕದ ನಿಯಂತ್ರಕವನ್ನು ಮೂರನೆಯದರಲ್ಲಿ ಅರಸಬೇಕಾಗುತ್ತದೆ. ಬದಲಾವಣೆಗಳು ಬರುವುದು ವಿಷಯಾನುಸಾರವಾಗಿಯೇ ಹೊರತು ಕಡತದ ಬಗೆಯ ಅನುಸಾರವಾಗಿ ಅಲ್ಲ. ಆದ್ದರಿಂದ ಕೃತಿ ಬೆಳೆದಂತೆ ಪ್ರವೇಶಕ್ಕೊಂದು, ಶುಲ್ಕಕ್ಕೊಂದು, ಅಂಕಪಟ್ಟಿಗೊಂದು ಕೋಶವನ್ನು ಮಾಡಿ, ಆಯಾ ವಿಷಯದ ಎಲ್ಲ ಕಡತಗಳನ್ನೂ ಅಲ್ಲಿಯೇ ಇರಿಸುವುದು ಹೆಚ್ಚು ಯುಕ್ತ. ಎಂವಿಸಿಯ 2010ರ ಎರಡನೆಯ ಆವೃತ್ತಿಯಲ್ಲಿ 'ಏರಿಯಾ' ಎಂಬ ಹೆಸರಿನಿಂದ ಇದಕ್ಕೆ ಅವಕಾಶ ದೊರೆಯಿತು. ಹತ್ತು ಕಡತಗಳ ಕೃತಿಗೆ ಹನ್ನೆರಡು ಕೋಶಗಳನ್ನು ಮಾಡಿಡುವ ಅತ್ಯುತ್ಸಾಹವೂ ಕೆಲವರಲ್ಲಿ ಕಂಡುಬರುತ್ತದೆ. ಅದು ಖಾಲಿ ಮಡಕೆಗಳನ್ನು ಪೇರಿಸಿಟ್ಟ ಅಡುಗೆಮನೆಯಂತೆ.

ಪಟ್ಟಿ ಮತ್ತು ಕೋಶಗಳ ವಿವಾದಕ್ಕೆ ಒಂದು ಬಗೆಯ ಸಂಧಾನ ದೊರೆತುದು 2016-17ರಲ್ಲಿ. 2016ರ ಜೂನ್ ತಿಂಗಳಲ್ಲಿ ಡಾಟ್‌ನೆಟ್ ಕೋರ್‌ನ ಮೊದಲ ಆವೃತ್ತಿ ಬಂದಾಗ ಹಳೆಯ ಪ್ರಾಜೆಕ್ಟ್ ಕಡತವನ್ನು ಬಿಟ್ಟು 'ಪ್ರಾಜೆಕ್ಟ್ ಡಾಟ್ ಜೇಸನ್' ಎಂಬ ಬೇರೆ ಕಡತವನ್ನು ತಂದಿದ್ದರು. ಒಂದು ವರ್ಷ ತುಂಬುವ ಮೊದಲೇ, 2017ರ ಮಾರ್ಚಿನಲ್ಲಿ ವಿಷುಯಲ್ ಸ್ಟುಡಿಯೋದ ಹೊಸ ಆವೃತ್ತಿಯೊಡನೆ, ಅದನ್ನು ಕೈಬಿಟ್ಟು ಮತ್ತೆ ಹಳೆಯ ಹೆಸರಿನ ಪ್ರಾಜೆಕ್ಟ್ ಕಡತಕ್ಕೇ ಮರಳಿದರು. ಹೆಸರು ಹಳೆಯದು, ಸ್ವರೂಪ ಹೊಸದು. ಕೋಶದಲ್ಲಿರುವ ಕ್ರಮವಿಧಿಯ ಕಡತಗಳೆಲ್ಲ ಸಾಮಾನ್ಯವಾಗಿ ಕೃತಿಗೆ ಸೇರಿದವೇ. ಯಾವುದು ಸೇರದೋ ಅದನ್ನು ಮಾತ್ರ ಪಟ್ಟಿಯಲ್ಲಿ ಬರೆಯಬೇಕು. ಫಲಕಡತಗಳು ಹುಟ್ಟುವ ಕೋಶಗಳನ್ನು ಯಂತ್ರವೇ ಹೊರಗಿಡುತ್ತದೆ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಕೋಶವು ಉತ್ಸರ್ಗ, ಪಟ್ಟಿಯು ಅಪವಾದ. ಸಾಮಾನ್ಯವನ್ನು ಒಂದೇ ಸೂತ್ರದಲ್ಲಿ ಹೇಳಿ ವಿಶೇಷವನ್ನು ಮಾತ್ರ ಎಣಿಸಿ ಹೇಳುವ ಲಾಘವ ಅದು. ಮೊದಲು ನೂರಾರು ಸಾಲುಗಳಿದ್ದ ಪ್ರಾಜೆಕ್ಟ್ ಕಡತ ಹತ್ತಿಪ್ಪತ್ತು ಸಾಲುಗಳಿಗೆ ಇಳಿಯಿತು. ಕಣ್ಣಿನಿಂದ ಓದಿ ಗ್ರಹಿಸಬಹುದಾದಷ್ಟಾಯಿತು.

ಇದರೊಡನೆಯೇ ಆದ ಮತ್ತೊಂದು ಬದಲಾವಣೆ ಇದಕ್ಕಿಂತಲೂ ಮಹತ್ತ್ವದ್ದು. ಹಳೆಯ ಕ್ರಮದಲ್ಲಿ ಕೃತಿಯ ಇಡೀ ಕೋಶವೇ ಲೋಕಕ್ಕೆ ತೆರೆದಿರುತ್ತಿತ್ತು. ಕೆಲವು ಹೆಸರುಗಳಿಗೆ ಮಾತ್ರ ತಡೆಯಿತ್ತು. ಗುಪ್ತಪದಗಳನ್ನುಳ್ಳ 'ವೆಬ್ ಡಾಟ್ ಕಾನ್ಫಿಗ್' ಎಂಬ ಕಡತವನ್ನು ಹೊರಗಿನವರು ಕೇಳಿದರೆ ಸರ್ವರು ಕೊಡುತ್ತಿರಲಿಲ್ಲ. ಆದರೆ ಅದೇ ಕಡತದ ನಕಲೊಂದನ್ನು ಯಾರಾದರೂ ಸಾಧಾರಣ ಪಠ್ಯಕಡತದ ಹೆಸರಿನಲ್ಲಿ ಪಕ್ಕದಲ್ಲಿಟ್ಟರೆ ತಡೆ ಅದಕ್ಕೆ ಅನ್ವಯಿಸುತ್ತಿರಲಿಲ್ಲ. ವಿದ್ಯಾರ್ಥಿಗಳ ಹೆಸರು, ಜನ್ಮದಿನಾಂಕ, ಪೋಷಕರ ದೂರವಾಣಿ ಸಂಖ್ಯೆ ಇವನ್ನೊಳಗೊಂಡ ಡೇಟಾಬೇಸಿನ ಪ್ರತಿಯನ್ನು ಜಿಪ್ ಕಡತವಾಗಿ ಮಾಡಿ ಒಂದು ರಾತ್ರಿಯ ಮಟ್ಟಿಗೆ ಕೋಶದಲ್ಲಿಟ್ಟು ಮರೆತರೆ, ಅದರ ಹೆಸರನ್ನು ಊಹಿಸಬಲ್ಲ ಯಾವನೇ ಆಗಲಿ ಅದನ್ನು ಕೊಂಡೊಯ್ಯಬಹುದಾಗಿತ್ತು. ಹೊಸ ಕ್ರಮದಲ್ಲಿ ಇದು ತಲೆಕೆಳಗಾಯಿತು. ಲೋಕಕ್ಕೆ ನೇರವಾಗಿ ಕಾಣಿಸಬೇಕಾದ ಚಿತ್ರ, ವಿನ್ಯಾಸ ಮೊದಲಾದವುಗಳಿಗೆ 'ಡಬ್ಲ್ಯುಡಬ್ಲ್ಯುಡಬ್ಲ್ಯು-ರೂಟ್' ಎಂಬ ಒಂದು ಕೋಶವನ್ನು ಮೀಸಲಿಟ್ಟು, ಅದರ ಹೊರಗಿನದನ್ನು ಕಡತರೂಪದಲ್ಲಿ ಕೊಡುವುದನ್ನೇ ನಿಲ್ಲಿಸಲಾಯಿತು. ಜಾವಾ ಭಾಷೆಯನ್ನು ಬಳಸುವವರಲ್ಲಿ 'ವೆಬ್-ಇನ್ಫ್' ಎಂಬ ಗುಪ್ತಕೋಶದ ಏರ್ಪಾಡು 1999ರ ವೇಳೆಗೇ ಇತ್ತು. ರೈಲ್ಸ್‌ನಲ್ಲಿಯೂ 'ಪಬ್ಲಿಕ್' ಎಂಬ ಪ್ರತ್ಯೇಕ ಕೋಶವಿತ್ತು. ಮನೆಯಲ್ಲಿ ಪಡಸಾಲೆಗೂ ಒಳಕೋಣೆಗೂ ನಡುವೆ ಗೋಡೆಯಿರುವುದು ಎಷ್ಟು ಅವಶ್ಯವೋ ಇದೂ ಅಷ್ಟೇ ಅವಶ್ಯ. ಕೋಶವಿನ್ಯಾಸವು ಕೇವಲ ಅಚ್ಚುಕಟ್ಟಿನ ವಿಷಯವಲ್ಲ, ಮಕ್ಕಳ ವಿವರಗಳ ರಕ್ಷಣೆಯ ವಿಷಯವೂ ಹೌದು ಎಂಬುದನ್ನು ಶಾಲೆಗಳವರು ವಿಶೇಷವಾಗಿ ಗಮನಿಸಬೇಕು.

ಎರವಲು ಉಪಕರಣಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಹಿಂದೆ ಅವನ್ನು ತಂದು ಕಟ್ಟಿನೊಳಗೆ ಒಂದು ಕೋಶದಲ್ಲಿ ಇಟ್ಟುಕೊಳ್ಳುತ್ತಿದ್ದರು. ಯಾವ ಆವೃತ್ತಿ, ಎಲ್ಲಿಂದ ತಂದುದು ಎಂಬುದು ತಂದವನಿಗೆ ಮಾತ್ರ ಗೊತ್ತು. 2010ರಲ್ಲಿ ಹುಟ್ಟಿ ಮರುವರ್ಷದ ಆರಂಭದಲ್ಲಿ ಮೊದಲ ಆವೃತ್ತಿಯಾಗಿ ಹೊರಬಂದ ನುಗೆಟ್ ಎಂಬ ವ್ಯವಸ್ಥೆ ಬಂದ ಮೇಲೆ, ಉಪಕರಣದ ಹೆಸರು ಮತ್ತು ಆವೃತ್ತಿಯ ಸಂಖ್ಯೆಯನ್ನು ಮಾತ್ರ ಕಟ್ಟಿನಲ್ಲಿ ಬರೆದಿಟ್ಟರೆ ಯಂತ್ರವೇ ಭಂಡಾರದಿಂದ ಅದನ್ನು ತರಿಸಿಕೊಳ್ಳುವಂತಾಯಿತು. ಜಾವಾಸ್ಕ್ರಿಪ್ಟ್ ಬಳಸುವವರಿಗೆ ಎನ್‌ಪಿಎಂ ಇದೇ ಕೆಲಸವನ್ನು ಮಾಡುತ್ತದೆ. ಆದರೆ ಎರವಲಿಗೆ ಎರವಲಿನ ಅಪಾಯ ಇದ್ದೇ ಇದೆ. 2016ರ ಮಾರ್ಚಿನಲ್ಲಿ 'ಲೆಫ್ಟ್-ಪ್ಯಾಡ್' ಎಂಬ ಉಪಕರಣವನ್ನು ಅದರ ಕರ್ತೃವು ಎನ್‌ಪಿಎಂ ಭಂಡಾರದಿಂದ ಹಿಂತೆಗೆದುಕೊಂಡಾಗ ಲೋಕದ ನಾನಾ ಕಡೆ ಅಸಂಖ್ಯ ಕೃತಿಗಳ ಕಟ್ಟುವಿಕೆ ನಿಂತುಹೋಯಿತು. ಆ ಉಪಕರಣವಾದರೋ ಹತ್ತು ಹನ್ನೊಂದು ಸಾಲುಗಳದು. ಪದದ ಎಡಕ್ಕೆ ಬೇಕಾದಷ್ಟು ಅಕ್ಷರಗಳನ್ನು ತುಂಬುವುದಷ್ಟೇ ಅದರ ಕೆಲಸ. ಅನೇಕರಿಗೆ ತಾವು ಅದನ್ನು ಬಳಸುತ್ತಿದ್ದೇವೆಂಬ ಅರಿವೇ ಇರಲಿಲ್ಲ; ಎರವಲು ತಂದವರಿಂದ ಎರವಲು ತಂದುದಾಗಿತ್ತು ಅದು. ಇಂಥ ಪರಂಪರಾಗತ ಎರವಲುಗಳ ನಿಖರವಾದ ಆವೃತ್ತಿಗಳನ್ನೆಲ್ಲ ನಮೂದಿಸುವ 'ಲಾಕ್' ಕಡತವನ್ನು 2017ರಿಂದ ಎನ್‌ಪಿಎಂ ತಾನಾಗಿಯೇ ರಚಿಸುತ್ತದೆ. ಆ ಕಡತವನ್ನು ಯಂತ್ರವೇ ಬರೆಯುವುದಾದರೂ ಅದನ್ನು ಮೂಲದೊಡನೆಯೇ ರಕ್ಷಿಸಬೇಕು. ಯಂತ್ರ ಬರೆದುದಕ್ಕೆ ಬೆಲೆಯಿಲ್ಲವೆಂದು ಮೇಲೆ ಹೇಳಿದ ನಿಯಮಕ್ಕೆ ಇದೊಂದು ಅಪವಾದ.

ಮೂಲವನ್ನು ರಕ್ಷಿಸುವ ಭಂಡಾರವಾಗಿ ಇಂದು ಬಹುಮಂದಿ ಬಳಸುವುದು ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್ ಎಂಬ ವ್ಯವಸ್ಥೆಯನ್ನು. ಯಾರು, ಯಾವಾಗ, ಯಾವ ಸಾಲನ್ನು, ಏಕೆ ತಿದ್ದಿದರು ಎಂಬ ಪೂರ್ಣ ಚರಿತ್ರೆ ಅದರಲ್ಲಿ ಉಳಿಯುತ್ತದೆ. 'ಗಿಟ್ ಇಗ್ನೋರ್' ಎಂಬ ಚಿಕ್ಕ ಕಡತದಲ್ಲಿ ಭಂಡಾರಕ್ಕೆ ಸೇರಬಾರದವುಗಳ ಹೆಸರನ್ನು ಬರೆದಿಡಬೇಕು: ಫಲಕಡತಗಳು, ಭಂಡಾರದಿಂದ ಮತ್ತೆ ತರಬಹುದಾದ ಎರವಲುಗಳು, ರಚನಕಾರನ ಸ್ವಂತ ಅಭಿರುಚಿಯ ಹೊಂದಿಕೆಗಳು. ಇದನ್ನು ಕೆಲಸದ ಮೊದಲ ದಿನವೇ ಬರೆಯುವುದು ಲೇಸು. ಏಕೆಂದರೆ ಗಿಟ್ ಒಮ್ಮೆ ಗಮನಕ್ಕೆ ತೆಗೆದುಕೊಂಡ ಕಡತವನ್ನು ಅನಂತರ ಈ ಪಟ್ಟಿಯಲ್ಲಿ ಸೇರಿಸಿದ ಮಾತ್ರದಿಂದ ಬಿಟ್ಟುಬಿಡುವುದಿಲ್ಲ.

ಗುಪ್ತಪದಗಳ ವಿಷಯದಲ್ಲಿ ಈ ಮಾತು ಇನ್ನೂ ಕಠಿಣವಾಗುತ್ತದೆ. ಡೇಟಾಬೇಸಿನ ಗುಪ್ತಪದವನ್ನು ಕ್ರಮವಿಧಿಯೊಳಗೆ ಬರೆದು ಭಂಡಾರಕ್ಕೆ ಸೇರಿಸಿದವನು, ಮರುದಿನ ಎಚ್ಚತ್ತು ಆ ಸಾಲನ್ನು ಅಳಿಸಿದರೂ ನಿನ್ನೆಯ ಪ್ರತಿ ಚರಿತ್ರೆಯಲ್ಲಿ ಉಳಿದೇ ಇರುತ್ತದೆ. ಭಂಡಾರದ ಪ್ರತಿಯನ್ನು ಪಡೆದ ಎಲ್ಲರಿಗೂ ಅದು ಓದಸಿಗುತ್ತದೆ. ಆಗ ಮಾಡಬೇಕಾದುದು ಅಳಿಸುವುದಲ್ಲ, ಗುಪ್ತಪದವನ್ನೇ ಬದಲಿಸುವುದು. ಹೆರೋಕು ಎಂಬ ಸಂಸ್ಥೆಯವರು 2011ರಲ್ಲಿ ಪ್ರಕಟಿಸಿದ ಹನ್ನೆರಡು ಅಂಶಗಳ ವಿಧಾನದಲ್ಲಿ, ಸ್ಥಳದಿಂದ ಸ್ಥಳಕ್ಕೆ ಬದಲಾಗುವ ಹೊಂದಿಕೆಗಳನ್ನು ಕ್ರಮವಿಧಿಯಿಂದ ಬೇರ್ಪಡಿಸಿ ಆಯಾ ಯಂತ್ರದ ಪರಿಸರದಲ್ಲಿಯೇ ಇರಿಸಬೇಕೆಂದು ವಿಧಿಸಿದ್ದಾರೆ. ಕಟ್ಟನ್ನು ಇದ್ದಕ್ಕಿದ್ದಂತೆ ಲೋಕದ ಮುಂದೆ ಬಿಚ್ಚಿಟ್ಟರೂ ಯಾವ ರಹಸ್ಯವೂ ಬಯಲಾಗದಂತಿದೆಯೇ ಎಂಬುದು ಅವರು ಹೇಳುವ ಪರೀಕ್ಷೆ. ವಿಷುಯಲ್ ಸ್ಟುಡಿಯೋದಲ್ಲಿ ಇಂಥ ರಹಸ್ಯಗಳನ್ನು ಕಟ್ಟಿನ ಹೊರಗೆ, ಬಳಕೆದಾರನ ಸ್ವಂತ ಕೋಶದಲ್ಲಿ ಇರಿಸುವ 'ಯೂಸರ್ ಸೀಕ್ರೆಟ್ಸ್' ಎಂಬ ಅನುಕೂಲವುಂಟು. ಅದು ರಚನೆಯ ಹಂತಕ್ಕೆ ಮಾತ್ರ.

ಹೀಗೆ ವ್ಯವಸ್ಥೆಗೊಳಿಸಿದ ಕಟ್ಟು ಸರಿಯಾಗಿದೆಯೇ ಎಂದು ತಿಳಿಯುವ ಉಪಾಯ ಒಂದೇ. ಆ ಕೃತಿಯನ್ನು ಎಂದೂ ಕಾಣದ ಇನ್ನೊಂದು ಯಂತ್ರದಲ್ಲಿ, ಖಾಲಿ ಕೋಶವೊಂದಕ್ಕೆ ಭಂಡಾರದಿಂದ ಪ್ರತಿಯನ್ನು ಇಳಿಸಿ, ಜೊತೆಗಿರುವ 'ರೀಡ್‌ಮಿ' ಎಂಬ ವಿವರಣೆಯ ಕಡತವನ್ನು ಓದಿ, ಅದರಲ್ಲಿ ಹೇಳಿದಷ್ಟನ್ನೇ ಮಾಡಿದಾಗ ಕೃತಿಯು ಕಂಪೈಲ್ ಆಗಿ ನಡೆಯಬೇಕು. 'ನನ್ನ ಯಂತ್ರದಲ್ಲಿ ನಡೆಯುತ್ತದೆ' ಎಂಬ ಉತ್ತರ ಈ ವೃತ್ತಿಯಲ್ಲಿ ಹಾಸ್ಯದ ವಸ್ತುವಾಗಿಬಿಟ್ಟಿದೆ. ಒಬ್ಬನ ಯಂತ್ರದಲ್ಲಿ ಮಾತ್ರ ನಡೆಯುವ ಕೃತಿಯು ಆ ಯಂತ್ರ ಕೆಟ್ಟ ದಿನ, ಅಥವಾ ಆತನು ಬೇರೆ ಉದ್ಯೋಗಕ್ಕೆ ಹೋದ ದಿನ, ಅಲ್ಲಿಗೇ ನಿಲ್ಲುತ್ತದೆ.

ವಿದ್ಯಾಸಂಸ್ಥೆಗಳಲ್ಲಿ ಹಲವೆಡೆ ಈ ಸ್ಥಿತಿಯೇ ಇದೆ. ದಾನಿಗಳು ಹಣ ಕೊಟ್ಟಿರುತ್ತಾರೆ. ಹಳೆಯ ವಿದ್ಯಾರ್ಥಿಯೊಬ್ಬನು ಅಭಿಮಾನದಿಂದ ಅಪ್ಲಿಕೇಶನ್ನನ್ನು ರಚಿಸಿಕೊಟ್ಟಿರುತ್ತಾನೆ. ಸರ್ವರಿನಲ್ಲಿ ಅದು ನಡೆಯುತ್ತಲೂ ಇರುತ್ತದೆ. ಆದರೆ ಸಂಸ್ಥೆಯ ಬಳಿ ಇರುವುದು ಫಲಕಡತ ಮಾತ್ರ, ಮೂಲದ ಕಟ್ಟು ಇಲ್ಲ. ಮೂರು ವರ್ಷಗಳ ಅನಂತರ ಪ್ರವೇಶಪತ್ರದಲ್ಲಿ ಒಂದು ಕಲಮನ್ನು ಸೇರಿಸಬೇಕಾದಾಗ ಇದು ಬೆಳಕಿಗೆ ಬರುತ್ತದೆ. ಆದ್ದರಿಂದ ಅಪ್ಲಿಕೇಶನ್ನನ್ನು ಒಪ್ಪಿಸಿಕೊಳ್ಳುವ ಸಮಯದಲ್ಲಿ ತಾಣದ ಹೆಸರು ಸಂಸ್ಥೆಯ ಹೆಸರಿನಲ್ಲಿ ನೋಂದಣಿಯಾಗಿದೆಯೇ, ಗಿಟ್ ಭಂಡಾರದ ಒಡೆತನ ಸಂಸ್ಥೆಯ ಖಾತೆಯಲ್ಲಿದೆಯೇ, ಗುಪ್ತಪದಗಳ ವಿವರ ಮುಚ್ಚಿದ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರ ವಶದಲ್ಲಿದೆಯೇ ಎಂಬುದನ್ನು ನೋಡಬೇಕು. ಅನಂತರ ಮೇಲೆ ಹೇಳಿದ ಪರೀಕ್ಷೆಯನ್ನು ಶಾಲೆಯ ಗಣಕಯಂತ್ರವೊಂದರಲ್ಲಿ, ರಚಿಸಿದವನಲ್ಲದ ಮತ್ತೊಬ್ಬ ತಿಳಿದವನ ಕೈಯಿಂದ, ಗಣಕವಿಷಯದ ಉಪಾಧ್ಯಾಯರ ಸಮಕ್ಷಮದಲ್ಲಿ ಮಾಡಿಸಬೇಕು. ಅರ್ಧ ದಿನದ ಕೆಲಸವಿದು. ಅಂತಿಮ ಕಂತಿನ ಹಣವನ್ನು ಈ ಪರೀಕ್ಷೆಯ ತರುವಾಯವೇ ಸಲ್ಲಿಸತಕ್ಕದ್ದೆಂದು ಕರಾರುಪತ್ರದಲ್ಲಿ ಮೊದಲೇ ಬರೆಸಿಟ್ಟಿದ್ದರೆ ಯಾರಿಗೂ ಮುಜುಗರವಿಲ್ಲ. ಅಭಿಮಾನದಿಂದ ಉಚಿತವಾಗಿ ರಚಿಸಿಕೊಟ್ಟ ಸಂದರ್ಭದಲ್ಲಿಯೂ ಪರೀಕ್ಷೆಯನ್ನು ಬಿಡಬಾರದು.